ಮಲ್ಲವೃತ್ತಿಯೂ ಪ್ರೇಕ್ಷಕಧರ್ಮವೂ

ವಿದ್ಯೆಯನ್ನು ಸಭೆಯಲ್ಲಿ ತೋರಿಸಬೇಕು, ಕಂಠವನ್ನು ಗಾನದಲ್ಲಿ ತೋರಿಸಬೇಕು, ಬಲವನ್ನು ಕಣದಲ್ಲಿ ತೋರಿಸಬೇಕು ಎಂಬುದು ಲೋಕರೂಢಿ. ಆದರೆ ಈ ಮೂರರೊಳಗೆ ಒಂದು ಭೇದವುಂಟು. ಪಂಡಿತನು ನೂರು ಸಲ ವಾದಮಾಡಿದರೆ ಅವನ ವಿದ್ಯೆಯು ಸವೆಯುವುದಿಲ್ಲ, ಹೆಚ್ಚುತ್ತದೆ. ಮಲ್ಲನು ನೂರು ಸಲ ಕಾದಿದರೆ ಅವನ ಚಾತುರ್ಯವು ಹೆಚ್ಚಬಹುದು. ಆದರೆ ಆ ಚಾತುರ್ಯಕ್ಕೆ ಆಶ್ರಯವಾದ ದೇಹವು ಸವೆಯುತ್ತದೆ. ವ್ಯಾಪಾರಿಯು ಲಾಭವನ್ನು ಪಣಕ್ಕಿಟ್ಟು ಮೂಲಧನವನ್ನು ಕಾಪಾಡಿಕೊಳ್ಳಬಹುದು. ಮಲ್ಲನಿಗೆ ಆ ಅನುಕೂಲವಿಲ್ಲ. ಅವನು ಪ್ರತಿಸಲವೂ ಪಣಕ್ಕಿಡುವುದು ಮೂಲಧನವನ್ನೇ. ಆದಕಾರಣ, ಶ್ರೇಷ್ಠನಾದ ಮಲ್ಲನು ವರ್ಷಕ್ಕೆ ಎಷ್ಟು ಸಲ ಕಣಕ್ಕಿಳಿಯಬೇಕು, ಆ ಲೆಕ್ಕವನ್ನು ನಿಶ್ಚಯಿಸತಕ್ಕವರು ಯಾರು ಎಂಬುದು ಕೇವಲ ಕ್ರೀಡೆಯ ಪ್ರಶ್ನೆಯಲ್ಲ; ಧರ್ಮದ ಪ್ರಶ್ನೆ.

ಪಾಶ್ಚಾತ್ಯ ದೇಶಗಳಲ್ಲಿ ಬಾಕ್ಸಿಂಗ್ ಎಂಬ ಮುಷ್ಟಿಯುದ್ಧವು ಜೀವನೋಪಾಯದ ವೃತ್ತಿಯಾಗಿ ಬೆಳೆದಿರುವುದರಿಂದ ಈ ಪ್ರಶ್ನೆಯು ಅಲ್ಲಿ ಬಹು ಸ್ಪಷ್ಟವಾಗಿ ಕಾಣುತ್ತದೆ. ಅಮೆರಿಕದ ಜೋ ಲೂಯಿಸನು 1937ರಿಂದ 1949ರವರೆಗೆ ಜಗಜ್ಜೆಟ್ಟಿಯೆನಿಸಿಕೊಂಡು 25 ಸಲ ಆ ಪದವಿಯನ್ನು ಉಳಿಸಿಕೊಂಡನು. 1940ರ ಡಿಸೆಂಬರಿನಿಂದ 1941ರ ಜೂನಿನವರೆಗಿನ ಏಳು ತಿಂಗಳುಗಳಲ್ಲಿ ತಿಂಗಳಿಗೊಬ್ಬನಂತೆ ಏಳು ಮಂದಿಯೊಡನೆ ಕಾದಿದನು. ಷುಗರ್ ರೇ ರಾಬಿನ್‌ಸನ್ ಎಂಬವನು 1940ರಿಂದ 1965ರವರೆಗೆ ಸುಮಾರು 200 ಕಾಳಗಗಳನ್ನು ಮಾಡಿದನು. ಈಚಿನವನಾದ ಫ್ಲಾಯ್ಡ್ ಮೇವೆದರನಾದರೋ 1996ರಿಂದ 2017ರವರೆಗಿನ 21 ವರ್ಷಗಳಲ್ಲಿ ಕಾದಿದ್ದು ಒಟ್ಟು 50 ಸಲ, ಎಲ್ಲದರಲ್ಲಿಯೂ ಗೆದ್ದನು. ಅವನಿಗೂ ಫಿಲಿಪೀನ್ಸ್ ದೇಶದ ಮ್ಯಾನಿ ಪಕಿಯಾವೊವಿಗೂ ಕಾಳಗವಾಗಬೇಕೆಂಬ ಮಾತುಕತೆ 2009ರಲ್ಲಿಯೇ ನಡೆದಿತ್ತು. ಕಾಳಗವಾದದ್ದು 2015ರ ಮೇ 2ರಂದು, ಒಬ್ಬನಿಗೆ 38 ವರ್ಷ, ಇನ್ನೊಬ್ಬನಿಗೆ 36 ವರ್ಷ ತುಂಬಿದ ಮೇಲೆ. ಆದರೂ ಆ ಒಂದು ರಾತ್ರಿಯ ಆಟವನ್ನು ಅಮೆರಿಕದಲ್ಲಿ ಮನೆಯಲ್ಲಿ ಕುಳಿತು ನೋಡುವುದಕ್ಕೆ 40 ಲಕ್ಷಕ್ಕೆ ಮೇಲ್ಪಟ್ಟ ಮನೆಗಳವರು ಪ್ರತ್ಯೇಕವಾಗಿ ಹಣ ತೆತ್ತರು. ಹಿಂದಿನವರು ಪದೇ ಪದೇ ಕಾದಿದರು. ಇಂದಿನ ಅಗ್ರಗಣ್ಯರು ಸಾಮಾನ್ಯವಾಗಿ ವರ್ಷಕ್ಕೊಂದೆರಡು ಸಲ ಮಾತ್ರ ಕಾದುತ್ತಾರೆ. ಜನರ ಮೋಹವು ಮಾತ್ರ ಆಗಲೂ ಕುಂದಲಿಲ್ಲ, ಈಗಲೂ ಕುಂದಿಲ್ಲ.

ರಾಯಚೂರು ಸೀಮೆಯ ವಾಚಕರಿಗೆ ಇದು ಸಮುದ್ರದಾಚೆಯ ಮಾತೆಂದು ತೋರಬಹುದು. ಹಾಗೆ ತಿಳಿಯಲಾಗದು. ರಾಯಚೂರು ನಗರದಲ್ಲಿ ಕಾರಹುಣ್ಣಿವೆಯ ಸಮಯಕ್ಕೆ ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಟನ್ನುಗಟ್ಟಲೆ ಭಾರದ ಕಲ್ಲನ್ನೆಳೆಯುತ್ತವೆ, ತರುಣರು ಸಂಗ್ರಾಣಿ ಕಲ್ಲನ್ನೂ ಉಸುಕಿನ ಚೀಲವನ್ನೂ ಎತ್ತುತ್ತಾರೆ, ಪೈಲವಾನರು ಕುಸ್ತಿಯಾಡುತ್ತಾರೆ. ಮಾನ್ವಿ, ದೇವದುರ್ಗ ತಾಲ್ಲೂಕುಗಳ ಊರ ಜಾತ್ರೆಗಳಲ್ಲಿಯೂ ಕುಸ್ತಿಯ ಕಣಕ್ಕೆ ಜನರು ಮುತ್ತುವುದುಂಟು. ಮೊದಲು ತೆಂಗಿನಕಾಯಿಗಾಗಿ ಹುಡುಗರ ಜೋಡಿಗಳು. ಹೊತ್ತು ಇಳಿದ ಮೇಲೆ ಬೆಳ್ಳಿಯ ಕಡಗಕ್ಕಾಗಿ ಹೆಸರಾದವರ ಜೋಡಿ. ಕುಸ್ತಿಯು ಮುಷ್ಟಿಯುದ್ಧದಷ್ಟು ಅಪಾಯಕರವಾದುದಲ್ಲವೆಂಬುದು ನಿಜ; ಎದುರಾಳಿಯ ತಲೆಗೆ ಹೊಡೆಯುವುದು ಅದರ ಉದ್ದೇಶವಲ್ಲ. ಆದರೆ ದೇಹವನ್ನು ಪಣವಾಗಿಟ್ಟು ಅನ್ನವನ್ನೂ ಕೀರ್ತಿಯನ್ನೂ ಗಳಿಸುವುದು ಎರಡಕ್ಕೂ ಸಮಾನ. ಹೀಗಿರಲು ಪ್ರಶ್ನೆಯೂ ಎರಡಕ್ಕೂ ಸಮಾನವೇ.

ಇಲ್ಲಿ ಪೂರ್ವಪಕ್ಷವೊಂದುಂಟು. ಕತ್ತಿಯನ್ನು ಒರೆಯಲ್ಲಿಟ್ಟರೆ ತುಕ್ಕು ಹಿಡಿಯುತ್ತದೆ. ಮಲ್ಲನನ್ನು ಮನೆಯಲ್ಲಿಟ್ಟರೆ ಮೈ ಜಡವಾಗುತ್ತದೆ. ಜಗಜ್ಜೆಟ್ಟಿಯೆಂಬ ಬಿರುದನ್ನು ಹೊತ್ತವನು ಕರೆದಾಗಲೆಲ್ಲ ಬಂದು ಅದನ್ನು ಸಮರ್ಥಿಸಿಕೊಳ್ಳಬೇಕು. ಹಿಂಜರಿದರೆ ಅದು ಹೇಡಿತನ ಎಂದು ಈ ಪಕ್ಷದವರು ಹೇಳುತ್ತಾರೆ. ಈ ಮಾತಿನಲ್ಲಿ ಅಭ್ಯಾಸವನ್ನೂ ಕಾಳಗವನ್ನೂ ಒಂದೇ ಎಂದು ಭ್ರಮಿಸಿದ ದೋಷವಿದೆ. ಗಾಮಾ ಪೈಲವಾನನು 1910ರ ಸೆಪ್ಟೆಂಬರಿನಲ್ಲಿ ಲಂಡನ್ ನಗರದಲ್ಲಿ ಪೋಲೆಂಡಿನ ಜ್ಬಿಸ್ಕೋ ಎಂಬ ಮಲ್ಲನೊಡನೆ ಎರಡು ಗಂಟೆಗೂ ಹೆಚ್ಚು ಹೊತ್ತು ಹೋರಾಡಿದರೂ ಇತ್ಯರ್ಥವಾಗಲಿಲ್ಲ. ಅದೇ ಜ್ಬಿಸ್ಕೋ 1928ರಲ್ಲಿ ಪಟಿಯಾಲೆಗೆ ಬಂದು ಎದುರಾದಾಗ ಗಾಮಾ ಅವನನ್ನು ಒಂದು ನಿಮಿಷದೊಳಗಾಗಿ ಕೆಡವಿದನು. ನಡುವೆ ಹದಿನೆಂಟು ವರ್ಷಗಳು ಕಳೆದಿದ್ದವು. ಗಾಮಾನಿಗೆ ತಕ್ಕ ಜೋಡಿ ದೊರೆಯುವುದೇ ವಿರಳವಾಗಿತ್ತು. ಆದರೂ ತುಕ್ಕು ಹಿಡಿಯಲಿಲ್ಲ. ಏಕೆಂದರೆ ಗರಡಿಯ ಸಾಧನೆಯು ನಿಲ್ಲಲಿಲ್ಲ. ಕಲೆಯನ್ನು ಉಳಿಸುವುದು ದಿನದಿನದ ತಾಲೀಮು. ಕಾಳಗವು ಅದರ ಪರೀಕ್ಷೆ ಮಾತ್ರ. ಪರೀಕ್ಷೆಯನ್ನು ಪದೇ ಪದೇ ಮಾಡಿದರೆ ವಿದ್ಯಾರ್ಥಿಯು ಓದುವುದಕ್ಕೆ ಹೊತ್ತೆಲ್ಲಿ?

ದೇಹಶಾಸ್ತ್ರವೂ ಇದನ್ನೇ ಹೇಳುತ್ತದೆ. ವ್ಯಾಯಾಮವನ್ನು ವಿಧಿಸಿದ ಸುಶ್ರುತಾಚಾರ್ಯನು ಅದಕ್ಕೊಂದು ಎಲ್ಲೆಯನ್ನೂ ವಿಧಿಸಿದ್ದಾನೆ. ತನ್ನ ಬಲದ ಅರ್ಧದಷ್ಟನ್ನೇ ಬಳಸಬೇಕು; ಉಸಿರು ಬಾಯಿಗೆ ಬಂತೆಂದರೆ ಅದೇ ಅರ್ಧಬಲದ ಗುರುತು; ಅದನ್ನು ಮೀರಿದರೆ ಹಿತವಾಗತಕ್ಕ ವ್ಯಾಯಾಮವೇ ಘಾತುಕವಾಗುತ್ತದೆ; ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವನ್ನೆಲ್ಲ ನೋಡಿ ನಡೆಯಬೇಕು ಎಂದು ಅವನ ಅಭಿಪ್ರಾಯ. ಕಣದಲ್ಲಿಯಾದರೋ ಅರ್ಧಬಲಕ್ಕೆ ನಿಲ್ಲುವ ಸ್ವಾತಂತ್ರ್ಯವಿಲ್ಲ. ಎದುರಾಳಿಯು ಪೂರ್ಣಬಲವನ್ನು ಬೇಡುತ್ತಾನೆ. ಆದುದರಿಂದ ಆ ದಿನದ ಅತಿವ್ಯಯವನ್ನು ಬೇರೆ ದಿನಗಳ ವಿಶ್ರಾಂತಿಯೇ ತುಂಬಿಕೊಡಬೇಕು. ಮುಷ್ಟಿಯುದ್ಧದಲ್ಲಿ ಈ ವ್ಯಯವು ಮಿದುಳಿನ ಲೆಕ್ಕಕ್ಕೆ ಬೀಳುತ್ತದೆ. ತಲೆಗೆ ಪೆಟ್ಟು ತಿಂದು ತಿಂದು ನಡಿಗೆ ತೊಡರುವ, ಮಾತು ತೊದಲುವ, ಬುದ್ಧಿ ಮಂಕಾಗುವ ವೃತ್ತಿಮಲ್ಲರ ವ್ಯಾಧಿಯನ್ನು ಹ್ಯಾರಿಸನ್ ಮಾರ್ಟ್‌ಲೆಂಡ್ ಎಂಬ ಅಮೆರಿಕದ ವೈದ್ಯನು 1928ರಲ್ಲಿಯೇ ವರ್ಣಿಸಿದನು. 1982ರಲ್ಲಿ ಕೊರಿಯಾದ ತರುಣ ಕಿಮ್ ದುಕ್ ಕೂ ಹದಿನಾಲ್ಕನೆಯ ಸುತ್ತಿನಲ್ಲಿ ಬಿದ್ದು ಕೆಲವು ದಿನಗಳಲ್ಲಿ ಪ್ರಾಣಬಿಟ್ಟ ಮೇಲೆ, ಹದಿನೈದು ಸುತ್ತುಗಳಿದ್ದ ಜಗಜ್ಜೆಟ್ಟಿ ಕಾಳಗವನ್ನು ಹನ್ನೆರಡಕ್ಕೆ ಇಳಿಸಲಾಯಿತು. ಒಂದು ಜೀವವು ಹೋದ ತರುವಾಯ ಮೂರು ಸುತ್ತುಗಳು ಕಡಮೆಯಾದವು. ಅಳತೆಯನ್ನು ಮೊದಲೇ ತಿಳಿಯದವನಿಗೆ ಅಳತೆಯನ್ನು ಕಲಿಸುವುದು ಅನಾಹುತವೇ.

ಈ ಅಳತೆಯು ಈ ಸೀಮೆಯ ಒಕ್ಕಲಿಗನಿಗೆ ಹೊಸದಲ್ಲ. ನೀರಾವರಿಯಿಲ್ಲದ ದೇವದುರ್ಗದ ಕಡೆಯ ಎರೆಹೊಲದಲ್ಲಿ ಮುಂಗಾರಿಗೆ ಬಿತ್ತದೆ, ಕುಂಟೆ ಹೊಡೆದು, ಮಳೆಯ ತೇವವನ್ನು ನೆಲಕ್ಕೆ ಹಿಡಿಸಿ, ಹಿಂಗಾರಿಗೆ ಜೋಳ ಬಿತ್ತುವ ಪದ್ಧತಿಯುಂಟು. ಆ ತಿಂಗಳುಗಳಲ್ಲಿ ಹೊಲವು ಬರಿದಾಗಿ ಕಾಣುತ್ತದೆ. ಆದರೆ ಅದು ಸೋಮಾರಿಯಾಗಿಲ್ಲ, ಬಲವನ್ನು ಕೂಡಿಸುತ್ತಿದೆ. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು ಎಡದಂಡೆಯ ಕಾಲುವೆಯ ನೀರು ಹರಿದ ಮೇಲೆ ಮಾನ್ವಿಯ ಕಡೆ ವರ್ಷಕ್ಕೆ ಎರಡು ಸಲ ಭತ್ತ ಬೆಳೆಯುವುದು ಸಾಧ್ಯವಾಯಿತು, ಸಂಪತ್ತೂ ಬಂತು. ಆದರೆ ನೀರು ಬಸಿಯದೆ ಜವುಗಾಗಿ, ಸವುಳು ಹಿಡಿದು, ಕೆಟ್ಟ ಹೊಲಗಳೂ ಆ ಕಾಲುವೆಯ ಬಯಲಿನಲ್ಲಿವೆ. ಬಿಡುವಿಲ್ಲದೆ ಕೊಟ್ಟ ನೆಲವು ಕಡೆಗೆ ಕೊಡುವುದನ್ನೇ ನಿಲ್ಲಿಸುತ್ತದೆ. ಮಲ್ಲನ ಮೈಯೂ ಹೊಲವೇ ಅಲ್ಲವೆ?

ಎರಡನೆಯ ಪೂರ್ವಪಕ್ಷವು ಇದಕ್ಕಿಂತ ಬಲವಾದುದು. ದೇಹವು ಮಲ್ಲನದು, ಎಷ್ಟು ಸಲ ಕಾದಬೇಕೆಂಬುದನ್ನು ಅವನೇ ನಿಶ್ಚಯಿಸಲಿ, ಬಲಾತ್ಕಾರವಿಲ್ಲದಿರುವಾಗ ಮೂರನೆಯವರಿಗೆ ಚಿಂತೆಯೇಕೆ ಎಂಬುದು ಆ ವಾದ. ಇದಕ್ಕೆ ಸಮಾಧಾನವಾಗಿ ಜೋ ಲೂಯಿಸನ ಕಡೆಯ ದಿನಗಳನ್ನು ನೋಡಬಹುದು. 1942ರಲ್ಲಿ ಯುದ್ಧಕಾಲದ ಎರಡು ಕಾಳಗಗಳಿಂದ ಬಂದ ತನ್ನ ಹಣವನ್ನು ಆತನು ತನ್ನ ದೇಶದ ನೌಕಾಪಡೆಯ ಮತ್ತು ಭೂಸೈನ್ಯದ ಪರಿಹಾರನಿಧಿಗಳಿಗೆ ಕೊಟ್ಟನು. 1949ರಲ್ಲಿ ಪದವಿಯನ್ನು ತಾನಾಗಿಯೇ ಬಿಟ್ಟು ನಿವೃತ್ತನಾದನು. ಆದರೆ ತೆರಿಗೆಯ ಬಾಕಿಯು ಬೆಟ್ಟದಂತೆ ಬೆಳೆದಿತ್ತು. ಅದಕ್ಕಾಗಿ ಮರಳಿ ಕಣಕ್ಕಿಳಿದು 1950ರಲ್ಲಿ ಸೋತನು. ಬಿಡದೆ ಕಾದುತ್ತ, 37ನೆಯ ವಯಸ್ಸಿನಲ್ಲಿ, 1951ರ ಅಕ್ಟೋಬರಿನಲ್ಲಿ ರಾಕಿ ಮಾರ್ಸಿಯಾನೋವಿನ ಪೆಟ್ಟಿಗೆ ಬಿದ್ದನು. ಆ ರಾತ್ರಿ ಅವನನ್ನು ಕಣಕ್ಕೆ ಯಾರೂ ಕೈಹಿಡಿದು ಎಳೆದು ತರಲಿಲ್ಲವೆಂಬುದು ನಿಜ. ಆದರೆ ಅವನು ಸ್ವತಂತ್ರನಾಗಿ ಬಂದನೆಂದು ಹೇಳಬಹುದೆ? ರಾಬಿನ್‌ಸನ್ 44ನೆಯ ವಯಸ್ಸಿನವರೆಗೆ ಕಾದಿದ್ದೂ ಕೈಯ ಹಣವು ಕರಗಿಹೋದ ಮೇಲೆಯೇ. ಸಾಲಗಾರನ ಒಪ್ಪಿಗೆಯನ್ನೂ ಹಸಿದವನ ಒಪ್ಪಿಗೆಯನ್ನೂ ಪೂರ್ಣವಾದ ಒಪ್ಪಿಗೆಯೆಂದು ಧರ್ಮಶಾಸ್ತ್ರವು ಎಣಿಸಲಾರದು. ಇದರಿಂದ ತಿಳಿಯತಕ್ಕದ್ದೇನೆಂದರೆ, ಮಲ್ಲನು ಎಷ್ಟು ಸಲ ಕಾದುತ್ತಾನೆಂಬುದನ್ನು ಅವನ ಧೈರ್ಯವೂ ನಿಶ್ಚಯಿಸುವುದಿಲ್ಲ, ಅವನ ದೇಹವೂ ನಿಶ್ಚಯಿಸುವುದಿಲ್ಲ. ಕಾದದ ದಿನಗಳಲ್ಲಿ ಅವನಿಗೆ ಅನ್ನವೆಲ್ಲಿಂದ ಬರುತ್ತದೆಂಬುದೇ ನಿಶ್ಚಯಿಸುತ್ತದೆ.

ಈ ತತ್ತ್ವವು ಕನ್ನಡನಾಡಿನ ಪೂರ್ವಿಕರಿಗೆ ಅಪರಿಚಿತವಾಗಿರಲಿಲ್ಲ. ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವೊಂದಿದೆ. ಅಲ್ಲಿ ಮಲ್ಲರನ್ನು ವಯಸ್ಸು, ಶರೀರ, ಬಲಗಳ ಮೇರೆಗೆ ವಿಂಗಡಿಸಿದೆ. ಅವರಿಗೆ ಬೇಳೆಕಾಳು, ಮಾಂಸ, ಹಾಲು, ಸಕ್ಕರೆ ಮುಂತಾದ ಆಹಾರವನ್ನು ಒದಗಿಸುವ ಭಾರವನ್ನು ಅರಸನ ಮೇಲಿಟ್ಟಿದೆ. ಕಾಳಗವು ಅರಸನ ವಿನೋದ. ಆದರೆ ಆ ವಿನೋದಕ್ಕೆ ಮೊದಲು ಪೋಷಣೆಯ ಕರ್ತವ್ಯ. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆವ್ಯಾಪಾರಿ ನೂನಿಜನು, ಇದೇ ರಾಯಚೂರಿನ ಕೋಟೆಗಾಗಿ 1520ರಲ್ಲಿ ನಡೆದ ಯುದ್ಧವನ್ನು ವಿಸ್ತಾರವಾಗಿ ಬರೆದವನು, ಅರಮನೆಯ ಮಲ್ಲರನ್ನು ಕುರಿತೂ ಬರೆದಿದ್ದಾನೆ. ಹಬ್ಬಗಳಿಗಾಗಿ ರಾಯನ ಬಳಿ ಸಾವಿರ ಮಂದಿ ಮಲ್ಲರಿದ್ದರು. ಮೊನೆಗಳುಳ್ಳ ಬಳೆಗಳನ್ನು ಕೈಯಲ್ಲಿ ಹಿಡಿದು ಹೊಡೆದಾಡುತ್ತಿದ್ದರು. ಹೆಚ್ಚು ಗಾಯಗೊಂಡವನಿಗೆ ರೇಷ್ಮೆಯ ಬಟ್ಟೆಯು ಬಹುಮಾನವಾಗುತ್ತಿತ್ತು. ರಾಜ್ಯದಲ್ಲಿ ಅವರಿಗೆ ಇದರ ಹೊರತು ಬೇರೆ ಊಳಿಗವಿರಲಿಲ್ಲ ಎಂದು ಅವನ ವರದಿ. ಗೆದ್ದವನಿಗಲ್ಲ, ಹೆಚ್ಚು ನೊಂದವನಿಗೆ ಬಹುಮಾನ ಎಂಬುದನ್ನು ವಾಚಕರು ಗಮನಿಸಬೇಕು. ವಿನೋದಕ್ಕೆ ತೆತ್ತ ಬೆಲೆಯು ಯಾರ ಮೈಮೇಲೆ ಬಿತ್ತೆಂಬುದನ್ನು ಆ ಸಭೆಯು ಮರೆಯಲಿಲ್ಲ.

ಆ ಸಂಪ್ರದಾಯದ ಉಳಿಕೆಯನ್ನು ಮೈಸೂರಿನಲ್ಲಿ ಕಾಣಬಹುದು. ವಿಜಯದಶಮಿಯ ದಿನ ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ನಡೆಯುವ ಸಂಪ್ರದಾಯವಿದೆ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರುಗಳ ಜಟ್ಟಿ ಮನೆತನದವರು ತಲೆ ಬೋಳಿಸಿ, ಮೊನೆಯುಳ್ಳ ಆಯುಧವನ್ನು ಬೆರಳುಗಳಿಗೆ ಧರಿಸಿ ಎದುರಾಗುತ್ತಾರೆ. ಒಬ್ಬನ ತಲೆಯಿಂದ ರಕ್ತವು ಚಿಮ್ಮಿದೊಡನೆ ಕಾಳಗವು ಮುಗಿಯಿತು. ಅನೇಕ ವೇಳೆ ಅದು ಕೆಲವು ಕ್ಷಣಗಳ ಮಾತು. ಭೂಲೋಕದಲ್ಲಿ ಇದಕ್ಕಿಂತ ಕ್ರೂರವಾದ ಮುಷ್ಟಿಯಿಲ್ಲವೆಂದು ಹೊರಗಿನವರಿಗೆ ತೋರಬಹುದು. ಆದರೆ ಎರಡು ಕಟ್ಟುಗಳು ಅದನ್ನು ಬಿಗಿದಿವೆ: ವರ್ಷಕ್ಕೊಂದೇ ದಿನ; ಮೊದಲನೆಯ ರಕ್ತಬಿಂದುವಿಗೆ ಮುಕ್ತಾಯ. ಆಯುಧವು ಎಷ್ಟು ತೀಕ್ಷ್ಣವೋ ನಿಯಮವೂ ಅಷ್ಟೇ ತೀಕ್ಷ್ಣ. ಮೆತ್ತನೆಯ ಕೈಚೀಲವನ್ನು ತೊಟ್ಟು ಹನ್ನೆರಡು ಸುತ್ತುಗಳವರೆಗೆ ತಲೆಗೆ ಗುದ್ದುವ ಪಾಶ್ಚಾತ್ಯ ಪದ್ಧತಿಯಲ್ಲಿ ರಕ್ತವು ಕಡಮೆ ಕಾಣುತ್ತದೆ. ಕೇಡು ಒಳಗೇ ಉಳಿಯುತ್ತದೆ.

ಹಾಗೆಂದು ಅರಸರ ಆಶ್ರಯವೆಲ್ಲ ಧರ್ಮಮಯವಾಗಿತ್ತೆಂದು ಹೊಗಳುವುದು ಸತ್ಯಕ್ಕೆ ದೂರ. ವ್ಯಾಸಭಾರತದ ವಿರಾಟಪರ್ವವು ಇದಕ್ಕೆ ಸಾಕ್ಷಿ. ಭೀಮಸೇನನು ಅಡಿಗೆಯವನ ವೇಷದಲ್ಲಿ ಮತ್ಸ್ಯನಗರದಲ್ಲಿದ್ದಾಗ ಬ್ರಹ್ಮೋತ್ಸವದ ಕಾಲದಲ್ಲಿ ಜೀಮೂತನೆಂಬ ಮಹಾಮಲ್ಲನನ್ನು ಕೊಂದನು. ವಿರಾಟನಿಗೆ ಅದು ರುಚಿಸಿತು. ಮತ್ತೆ ಮತ್ತೆ ಮಲ್ಲರನ್ನು ತಂದು ಕಾದಿಸಿದನು; ಭೀಮನಿಗೆ ಸಮಾನರಾದ ಮನುಷ್ಯರು ಮುಗಿದ ಮೇಲೆ ಹುಲಿ ಸಿಂಹಗಳೊಡನೆ ಕಾದಿಸಿದನು; ಅಂತಃಪುರದ ಸ್ತ್ರೀಯರ ನಡುವೆಯೂ ಆ ಆಟವನ್ನಾಡಿಸಿದನು. ಅನ್ನವಿಕ್ಕಿದವನು ಅರಸನೇ, ಆದರೂ ಅಲ್ಲಿ ಅಳತೆ ತಪ್ಪಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯು ಭೀಮನಂಥವನಿಗೂ ಒಪ್ಪುವ ಹೊತ್ತು ಬಂತು. ಆ ಸಭೆಯಲ್ಲಿ ನಗುತ್ತಿದ್ದವರು ಅನೇಕರು. ನಗದೆ ನಿಂತಿದ್ದವಳು ಸೈರಂಧ್ರಿಯ ವೇಷದ ದ್ರೌಪದಿಯೊಬ್ಬಳೇ. ಆ ನೋಟದಿಂದ ತನಗೆ ಮೂರ್ಛೆ ಬಂದಂತಾಗುವುದನ್ನೂ, ಅಡಿಗೆಯವನ ಮೇಲೆ ಇವಳಿಗೆ ಮೋಹವೆಂದು ರಾಣಿಯು ಆಡಿಕೊಳ್ಳುವುದನ್ನೂ ಅವಳು ಮುಂದೆ ಭೀಮನಲ್ಲಿ ತೋಡಿಕೊಳ್ಳುತ್ತಾಳೆ. ನೋಡುವವರೆಲ್ಲರ ಕಣ್ಣಿಗೆ ಬಿದ್ದದ್ದು ಬಲ; ಅವಳೊಬ್ಬಳ ಕಣ್ಣಿಗೆ ಬಿದ್ದದ್ದು ಮನುಷ್ಯ. ಪ್ರೇಕ್ಷಕಧರ್ಮವೆಂಬುದು ಒಂದುಂಟಾದರೆ ಅದು ಈ ಎರಡನೆಯ ನೋಟದಿಂದಲೇ ಹುಟ್ಟಬೇಕು.

ಪ್ರಕೃತಕ್ಕೆ ಬರೋಣವಾದರೆ, ಅರಸರ ಕಾಲವು ಮುಗಿದಿದೆ. ರಾಯಚೂರು ಸೀಮೆಯನ್ನಾಳುತ್ತಿದ್ದ ಹೈದರಾಬಾದು ಸಂಸ್ಥಾನವು 1948ರಲ್ಲಿ ಭಾರತದೊಳಗೆ ಸೇರಿತು. 1956ರಲ್ಲಿ ಈ ಸೀಮೆಯು ಕನ್ನಡನಾಡಿನೊಡನೆ ಕೂಡಿತು. ಈಗ ಮಲ್ಲನ ಮುಂದೆ ಸಿಂಹಾಸನದಲ್ಲಿ ಕುಳಿತಿರುವ ಅರಸನು ಜನಸ್ತೋಮವೇ. ಅರಸನ ಅಧಿಕಾರವು ಜನರಿಗೆ ಬಂದ ಮೇಲೆ ಅರಸನ ಋಣವೂ ಜನರಿಗೆ ಬರಬೇಕಷ್ಟೆ. ಆದರೆ ಬಂದಿರುವುದು ವಿನೋದದ ಭಾಗ; ಪೋಷಣೆಯ ಭಾಗವು ದಾರಿಯಲ್ಲಿಯೇ ಬಿದ್ದುಹೋಗಿದೆ. ಜನಸ್ತೋಮವು ಕಾಳಗದ ದಿನಕ್ಕೆ ಮಾತ್ರ ಹಣ ತೆರುತ್ತದೆ. ಉಳಿದ ದಿನಗಳು ಯಾರವೂ ಅಲ್ಲ.

ಇದರಿಂದ ಪರಸ್ಪರ ವಿರುದ್ಧವಾದ ಎರಡು ದೋಷಗಳು ಹುಟ್ಟಿವೆ. ಚಿಕ್ಕ ಮಲ್ಲನಿಗೆ ಒಂದು ದಿನದ ಕೂಲಿಯು ಸಾಲದು. ಅವನು ಭುಜದ ಉಳುಕು ಮಾಯುವ ಮೊದಲೇ ಇನ್ನೊಂದು ಜಾತ್ರೆಗೆ ಹೊರಡುತ್ತಾನೆ. ಅಗ್ರಮಲ್ಲನಿಗಾದರೋ ಒಂದು ದಿನಕ್ಕೆ ಬರುವ ಹಣವು ಏಳು ತಲೆಮಾರಿಗೆ ಸಾಲುವಷ್ಟು. ಸೋತರೆ ಮುಂದಿನ ದಿನದ ಬೆಲೆ ಇಳಿಯುವುದೆಂಬ ಭಯದಿಂದ ಅವನು ತನಗೆ ಸಮಾನನಾದವನನ್ನು ವರ್ಷಾನುಗಟ್ಟಲೆ ದೂರವಿಡುತ್ತಾನೆ. ಒಬ್ಬನು ಅತಿಯಾಗಿ ಕಾದುತ್ತಾನೆ, ಇನ್ನೊಬ್ಬನು ಅತಿ ವಿರಳವಾಗಿ ಕಾದುತ್ತಾನೆ, ಎರಡಕ್ಕೂ ಕಾರಣವೊಂದೇ. ವಿರಳತೆಯೆಲ್ಲ ಒಂದೇ ಬಗೆಯದಲ್ಲ. ಮೈಸೂರಿನ ಜಟ್ಟಿಯ ವಿರಳತೆ ವ್ರತದ್ದು. ಮೊದಲೇ ಗೊತ್ತಾದ ದಿನದಂದು ಅವನು ತಪ್ಪದೆ ಬರುತ್ತಾನೆ. ಬೆಲೆಗಾಗಿ ಬಾರದವನ ವಿರಳತೆ ಬರಗಾಲದಲ್ಲಿ ಧಾನ್ಯವನ್ನು ಕಣಜದಲ್ಲಿ ಅಡಗಿಸಿಟ್ಟ ವರ್ತಕನದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗಿನ ಉದ್ದೇಶವು ಬೇರೆ. ಆದಕಾರಣ ಕಣಕ್ಕಿಳಿಯದ ಮಲ್ಲನನ್ನು ಕಂಡೊಡನೆ ಹೇಡಿಯೆಂದು ಜರೆಯುವುದೂ, ಪದೇ ಪದೇ ಇಳಿಯುವವನನ್ನು ಕಂಡೊಡನೆ ವೀರನೆಂದು ಹೊಗಳುವುದೂ ಅವಿಚಾರ.

ಕಾರಹುಣ್ಣಿವೆಯ ಕಲ್ಲೆಳೆತವು ಇಲ್ಲಿ ಒಂದು ಪಾಠವನ್ನು ಹೇಳಿಕೊಡಬಲ್ಲದು. ಆ ಕಲ್ಲಿನ ಮುಂದೆ ನಿಲ್ಲುವ ಎತ್ತುಗಳ ಒಡೆಯನು ವರ್ಷವಿಡೀ ಅವುಗಳಿಗೆ ಹಿಂಡಿ, ಹುರುಳಿ ತಿನ್ನಿಸಿ, ಮೈ ತಿಕ್ಕಿ, ಮಕ್ಕಳಿಗಿಂತ ಹೆಚ್ಚಾಗಿ ನೋಡಿಕೊಂಡಿರುತ್ತಾನೆ. ಎತ್ತು ಕುಂಟಿದರೆ ಅವನು ಅದನ್ನು ಕಣಕ್ಕೆ ತರುವುದಿಲ್ಲ. ತಂದರೆ ಊರೇ ಅವನನ್ನು ಬಯ್ಯುತ್ತದೆ. ಅಂದು ಸೋತ ಎತ್ತಿಗೂ ಆ ಸಂಜೆ ಗ್ವಾದಲಿಯಲ್ಲಿ ಮೇವು ಇದ್ದೇ ಇರುತ್ತದೆ. ಅದೇ ಹಬ್ಬದಲ್ಲಿ ಸೋತ ಪೈಲವಾನನಿಗೆ ಆ ಸಂಜೆ ಏನಿದೆ ಎಂದು ಕೇಳುವವರು ಎಷ್ಟು ಮಂದಿ? ಕೆಡವಿದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ಕೆಳಗೆ ಬಿದ್ದವನು ಮೈಯ ಮಣ್ಣನ್ನು ಒರೆಸಿಕೊಂಡು ಬಸ್ಸು ಹಿಡಿದು ಊರಿಗೆ ಹೋಗುತ್ತಾನೆ. ಅವನಿಲ್ಲದಿದ್ದರೆ ಗೆದ್ದವನ ಗೆಲವೂ ಇಲ್ಲ, ನೋಡಿದವರ ಸಂತೋಷವೂ ಇಲ್ಲ. ಪಶುವಿಗೆ ಸಲ್ಲುವ ನ್ಯಾಯವು ಮನುಷ್ಯನಿಗೆ ಸಲ್ಲದಿರಲು ಕಾರಣವೇನು? ಎತ್ತಿಗೆ ಒಡೆಯನುಂಟು, ಮಲ್ಲನು ತನಗೆ ತಾನೇ ಒಡೆಯನೆಂದು ಹೇಳಿ ಎಲ್ಲರೂ ಕೈತೊಳೆದುಕೊಳ್ಳುತ್ತಾರೆ, ಇದೊಂದೇ ಕಾರಣ.

ಇದಕ್ಕೆ ಪರಿಹಾರವು ಮಲ್ಲವಿದ್ಯೆಯನ್ನು ನಿಲ್ಲಿಸುವುದಲ್ಲ. ಅದು ನಿಂತರೆ ತರುಣರ ಮೈಯೂ ಮನಸ್ಸೂ ಅದಕ್ಕಿಂತ ಕೆಟ್ಟ ಕಣಗಳಿಗೆ ಹರಿದಾವು. ಪರಿಹಾರವು ಹಣವನ್ನು ಹಂಚುವ ರೀತಿಯಲ್ಲಿದೆ. ಜಾತ್ರೆಯ ಪಂಚರು ಬೆಳ್ಳಿಯ ಕಡಗಕ್ಕೆ ಕೂಡಿಸಿದ ಹಣದಲ್ಲಿ ಒಂದು ಪಾಲನ್ನು ತಮ್ಮ ಊರ ತಾಲೀಮಿನ ಹುಡುಗರ ವರ್ಷದ ಹಾಲಿಗೆ ತೆಗೆದಿಡಬಹುದು. ಸೋತವನಿಗೂ ಗೌರವದ ಸಂಭಾವನೆಯನ್ನೂ, ಗಾಯಗೊಂಡವನಿಗೆ ಚಿಕಿತ್ಸೆಯ ವೆಚ್ಚವನ್ನೂ ಗೊತ್ತುಮಾಡಬಹುದು. ತಲೆಗೆ ಪೆಟ್ಟು ಬಿದ್ದವನು ಇಷ್ಟು ದಿನ ಕಣಕ್ಕಿಳಿಯಕೂಡದೆಂದು ಪಾಶ್ಚಾತ್ಯ ದೇಶಗಳಲ್ಲಿ ವೈದ್ಯರು ತಡೆಯುವ ನಿಯಮವುಂಟು. ಅದನ್ನು ಊರ ವಸ್ತಾದನೂ ಪಾಲಿಸಬಹುದು, ಒಂದು ಜಾತ್ರೆಯಲ್ಲಿ ನೊಂದವನನ್ನು ಮುಂದಿನ ಜಾತ್ರೆಯವರು ಜೋಡಿ ಕಟ್ಟದೆ ಹಿಂದಿರುಗಿಸಬಹುದು. ಇದಕ್ಕೆ ಸರ್ಕಾರದ ಆಜ್ಞೆಯೂ ಬೇಡ, ಅರಸನ ಭಂಡಾರವೂ ಬೇಡ. ಪಂಚರಲ್ಲಿ ಒಬ್ಬನಾದರೂ ದ್ರೌಪದಿಯ ಕಣ್ಣಿನಿಂದ ಕಣವನ್ನು ನೋಡಿದರೆ ಸಾಕು.

ಮಲ್ಲನು ಎಷ್ಟು ಸಲ ಕಾದಬೇಕೆಂಬ ಪ್ರಶ್ನೆಗೆ ಅಂಕಿಯ ಉತ್ತರವಿಲ್ಲ. ಬಲ, ವಯಸ್ಸು, ಕಾಲಗಳನ್ನು ನೋಡಿ ಅದನ್ನು ಅವನೂ ಅವನ ಗುರುವೂ ನಿಶ್ಚಯಿಸತಕ್ಕದ್ದು. ಹಾಗೆ ನಿಶ್ಚಯಿಸುವ ಸ್ವಾತಂತ್ರ್ಯವು ಅವನಿಗೆ ಉಳಿಯಬೇಕಾದರೆ ಹೊಟ್ಟೆಯ ಚಿಂತೆಯು ಆ ಮಾತಿನ ನಡುವೆ ಬಾಯಿ ಹಾಕಬಾರದು. ಆದುದರಿಂದ ಪ್ರೇಕ್ಷಕನಿಗೆ ಹೇಳತಕ್ಕ ಧರ್ಮವು ಇಷ್ಟೇ: ಕಾದದ ದಿನಗಳಲ್ಲಿ ಮಲ್ಲನನ್ನು ಸಾಕಿದವನಿಗೆ ಮಾತ್ರ ಕಾದುವ ದಿನ ಅವನನ್ನು ಕರೆಯುವ ಅಧಿಕಾರವುಂಟು. ಉಳಿದವರು ಕರೆಯಬಹುದು, ಅವನು ಬಂದರೂ ಬರಬಹುದು, ಆದರೆ ಆ ಬರವು ವೀರನ ಬರವೋ ಹಸಿದವನ ಬರವೋ ಎಂಬುದನ್ನು ಚಪ್ಪಾಳೆ ತಟ್ಟುವ ಮೊದಲು ಒಮ್ಮೆ ವಿಚಾರಿಸಿ ನೋಡುವುದು ಒಳ್ಳೆಯದು.